ಖಾಸಗಿ ಟೀವಿಯ ಅರ್ಧ ಗಂಟೆ

ಅಹಮದಾಬಾದಿನಿಂದ ಗಾಂಧಿನಗರದ ಕಡೆ ಹೊರಟರೆ ಸಾಬರಮತಿ ಬಡಾವಣೆ ದಾಟಿದ ಮೇಲೆ ಚಾಂದ್‌ಖೇಡಾ ಸಿಗುತ್ತದೆ. ಒಎನ್‌ಜಿಸಿ ನೌಕರರ ಕಾಲೊನಿ, ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯ, ಸಾಲುಸಾಲು ಅಪಾರ್ಟ್‌ಮೆಂಟುಗಳ ಊರು ಇದು. ಮಗ್ಗುಲಲ್ಲೇ ಮೊಟೇರಾ, ಅಲ್ಲಿ ಲಕ್ಷಕ್ಕೂ ಮೀರಿ ಜನ ಹಿಡಿಸುವ ಕ್ರಿಕೆಟ್ ಕ್ರೀಡಾಂಗಣ. 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ ಅಲ್ಲೇ ನಡೆಯಿತು. ಟಿಕೆಟ್ ಸಿಗದ ಚಾಂದ್‌ಖೇಡಾದವರು ಪಂದ್ಯ ನೋಡಲು ಉಳಿದ ದೇಶದಂತೆ ಪರದೆಯನ್ನೇ ನೆಚ್ಚಬೇಕಾಯಿತು. ದುಡ್ಡು ಕೊಟ್ಟು ಸ್ಟಾರ್ ಸ್ಪೋರ್ಟ್ಸ್ ಹಾಕಿಸಿಕೊಂಡವರಿಗೆ ಪಂದ್ಯ ಕಂಡಿತು. ಮಾಳಿಗೆಯ ಮೇಲೆ ದೂರದರ್ಶನದ ಫ್ರೀ ಡಿಶ್ ಇಟ್ಟುಕೊಂಡವರಿಗೂ ಡಿಡಿ ಸ್ಪೋರ್ಟ್ಸ್‌ನಲ್ಲಿ ಪುಕ್ಕಟೆಯಾಗಿ ಕಂಡಿತು. ಇಬ್ಬರ ನಡುವೆ ಸಿಕ್ಕಿಬಿದ್ದವನು ತಿಂಗಳು ತಿಂಗಳು ಕೇಬಲ್‌ಗೆ ಹಣ ಕಟ್ಟುತ್ತ, ಕ್ರೀಡಾ ಚಾನೆಲ್ಲುಗಳನ್ನು ಮಾತ್ರ ಕೈಬಿಟ್ಟವನು. ಅವನ ಕೇಬಲ್ಲಿನಲ್ಲೂ ದೂರದರ್ಶನ ಬರುತ್ತದೆ, ಆದರೆ ಆ ದೂರದರ್ಶನ ಈ ಪಂದ್ಯವನ್ನು ಅವನಿಗೆ ತೋರಿಸುವಂತಿಲ್ಲ.

ಈ ವಿಚಿತ್ರಕ್ಕೆ ಹಿನ್ನೆಲೆ ಇದೆ. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ ಪ್ರಸಾರದ ಹಕ್ಕು ನಿಂಬಸ್ ಕಂಪನಿಯ ಕೈಯಲ್ಲಿತ್ತು. ದೂರದರ್ಶನಕ್ಕೆ ಸಿಗ್ನಲ್ ಕೊಡುವ ವಿಚಾರದಲ್ಲಿ ಜಗಳವಾಗಿ ಸಂಗತಿ ಕೋರ್ಟಿಗೆ ಹೋಯಿತು. ಕೇಂದ್ರ ಸರಕಾರ ಅವಸರವಾಗಿ ಸುಗ್ರೀವಾಜ್ಞೆ ತಂದು, ಮುಂದೆ ಅದನ್ನೇ ಕಾಯ್ದೆ ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಕ್ರೀಡೆಯ ನೇರ ಸಿಗ್ನಲ್ಲನ್ನು, ಹಕ್ಕು ಯಾರದ್ದೇ ಇರಲಿ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು. ಜಾಹೀರಾತಿನಿಂದ ಬರುವ ಹಣದಲ್ಲಿ ಕನಿಷ್ಠ ಶೇ. 75ರಷ್ಟು ಹಕ್ಕುದಾರರಿಗೆ, ಉಳಿದದ್ದು ಪ್ರಸಾರ ಭಾರತಿಗೆ. 2017ರಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಗಡಿ ಎಳೆಯಿತು. ಹಂಚಿಕೊಂಡ ಸಿಗ್ನಲ್ಲು ದೂರದರ್ಶನದ ಸ್ವಂತ ಭೂಕೇಂದ್ರಗಳಿಂದ ಮತ್ತು ಫ್ರೀ ಡಿಶ್‌ನಿಂದ ಮಾತ್ರ ಹೋಗಬೇಕು, ಖಾಸಗಿ ಕೇಬಲ್ಲು ಮತ್ತು ಡಿಟಿಎಚ್‌ಗಳ ಮೂಲಕ ಹೋಗಿ ಹಕ್ಕುದಾರನ ವ್ಯಾಪಾರ ಕೆಡಿಸಬಾರದು ಎಂದಿತು.

ಕುಂದುಗಳೇನೇ ಇರಲಿ, ಭಾರತದಲ್ಲಿ ಖಾಸಗಿ ವಾಹಿನಿಗಳ ಮೇಲೆ ಹೇರಿದ ಸಾರ್ವಜನಿಕ ಹೊಣೆಗಳಲ್ಲಿ ಚೆನ್ನಾಗಿ ನಡೆದದ್ದು ಇದೊಂದೇ ಎನ್ನಬೇಕು. ಕಾರಣ ಸರಳ. ಏನು ಕೊಡಬೇಕು, ಯಾರಿಗೆ ಕೊಡಬೇಕು, ಅದಕ್ಕೆ ಬದಲಾಗಿ ಏನು ಸಿಗುತ್ತದೆ, ಎಲ್ಲವೂ ಬರೆದಿಟ್ಟಂತೆ ಸ್ಪಷ್ಟ. ತಪ್ಪಿದರೆ ಮರುಕ್ಷಣವೇ ನೋಡುಗನಿಗೆ ಗೊತ್ತಾಗುತ್ತದೆ. ಈ ಗುಣಗಳಲ್ಲಿ ಒಂದೂ ಇಲ್ಲದ ಹೊಣೆಯೊಂದು ಈಗ ಜಾರಿಯಲ್ಲಿದೆ.

2022ರ ನವೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟೀವಿ ವಾಹಿನಿಗಳ ಅಪ್‌ಲಿಂಕಿಂಗ್, ಡೌನ್‌ಲಿಂಕಿಂಗ್‌ಗೆ ಹೊಸ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 30 ನಿಮಿಷ ರಾಷ್ಟ್ರೀಯ ಮಹತ್ವದ, ಸಾಮಾಜಿಕ ಪ್ರಸ್ತುತತೆಯ ವಿಷಯಗಳಿಗೆ ಮೀಸಲಿಡಬೇಕೆಂಬ ಷರತ್ತು ಅದರೊಳಗೆ ಇತ್ತು. ವಿಷಯಗಳು ಎಂಟು: ಶಿಕ್ಷಣ ಮತ್ತು ಸಾಕ್ಷರತೆ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ, ವಿಜ್ಞಾನ ಮತ್ತು ತಂತ್ರಜ್ಞಾನ, ಮಹಿಳಾ ಕಲ್ಯಾಣ, ದುರ್ಬಲ ವರ್ಗಗಳ ಕಲ್ಯಾಣ, ಪರಿಸರ ಮತ್ತು ಪರಂಪರೆಯ ರಕ್ಷಣೆ, ರಾಷ್ಟ್ರೀಯ ಭಾವೈಕ್ಯ. ವಾಹಿನಿಗಳು ಸಹಜವಾಗಿಯೇ ಗೊಣಗಿದವು. 2023ರ ಜನವರಿ ಕೊನೆಯಲ್ಲಿ ಬಂದ ಸಲಹಾ ಸೂಚನೆ ಷರತ್ತನ್ನು ಸಾಕಷ್ಟು ಸಡಿಲಿಸಿತು. ಅರ್ಧ ಗಂಟೆ ಒಂದೇ ತುಂಡಾಗಿರಬೇಕಿಲ್ಲ, ಚೂರುಚೂರು ಮಾಡಿ ಹಂಚಬಹುದು. ತಿಂಗಳಿಗೆ ಒಟ್ಟು 15 ಗಂಟೆ ಆದರೆ ಸಾಕು. ಬೇರೆ ಕಾರ್ಯಕ್ರಮದೊಳಗೆ ಬೆರೆತ ಸಂದೇಶವೂ ಲೆಕ್ಕಕ್ಕೆ ಬರುತ್ತದೆ. ನಡುರಾತ್ರಿಯಿಂದ ಬೆಳಗಿನ ಆರರ ತನಕ ಹಾಕಿದ್ದು ಮಾತ್ರ ಬರುವುದಿಲ್ಲ. ಪಾಲಿಸಿದ್ದೇವೆಂದು ವಾಹಿನಿ ತಾನೇ ಪ್ರಮಾಣೀಕರಿಸಿ, ತಿಂಗಳ ವರದಿಯನ್ನು ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್ಲಿಗೆ ಏರಿಸಬೇಕು, ಪ್ರಸಾರದ ದಾಖಲೆಯನ್ನು 90 ದಿನ ಇಟ್ಟುಕೊಳ್ಳಬೇಕು. 2023ರ ಮಾರ್ಚ್ 1ರಿಂದ ಇದು ಜಾರಿಗೆ ಬಂತು.

ದೇಶದಲ್ಲಿ ಅನುಮತಿ ಪಡೆದ ಖಾಸಗಿ ಉಪಗ್ರಹ ವಾಹಿನಿಗಳು ಸುಮಾರು 900. ಕ್ರೀಡೆ, ಭಕ್ತಿ, ವನ್ಯಜೀವಿ, ವಿದೇಶಿ ವಾಹಿನಿಗಳ ರಿಯಾಯಿತಿ ಕಳೆದರೂ ಕಾಗದದ ಮೇಲೆ ತಿಂಗಳಿಗೆ ಸಾವಿರಾರು ಗಂಟೆಗಳ ಸಾರ್ವಜನಿಕ ಸೇವೆ ನಡೆಯಬೇಕು. ಅಷ್ಟು ದೊಡ್ಡ ಸೇವೆ ನಡೆದಿದ್ದರೆ ಯಾವ ಮನೆಯಲ್ಲಾದರೂ ಅದರ ಮಾತು ಬರುತ್ತಿತ್ತು. ಬಹುಪಾಲು ನೋಡುಗರಿಗೆ ಇಂಥದೊಂದು ನಿಯಮ ಇರುವುದೇ ಗೊತ್ತಿಲ್ಲ.

ನಿಯಮಕ್ಕೆ ಸರಕಾರ ಕೊಟ್ಟ ಸಮರ್ಥನೆ ಏನೆಂದರೆ, ವಾಯುತರಂಗ ಸಾರ್ವಜನಿಕ ಸ್ವತ್ತು, ಅದನ್ನು ಬಳಸುವವರು ಸಮಾಜಕ್ಕೆ ಒಂದಿಷ್ಟು ಹಿಂದಿರುಗಿಸಬೇಕು. ಈ ಮಾತು ಬಂದದ್ದು 1995ರ ಫೆಬ್ರವರಿ 9ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅದರ ಮೂಲವೂ ಕ್ರಿಕೆಟ್ಟೇ. 1993ರ ಹೀರೊ ಕಪ್ ಪ್ರಸಾರದ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಮಾರಿ, ಸರಕಾರ ಅಡ್ಡ ಬಂದು ಹುಟ್ಟಿದ ಮೊಕದ್ದಮೆ ಅದು. ತರಂಗ ಸಾರ್ವಜನಿಕರದ್ದು ಎಂಬ ಅರ್ಧ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಉಳಿದ ಅರ್ಧ ಅಷ್ಟು ನೆನಪಿಗೆ ಬರುವುದಿಲ್ಲ. ತರಂಗಗಳನ್ನು ನೋಡಿಕೊಳ್ಳಬೇಕಾದದ್ದು ಸರಕಾರದಿಂದ ಬೇರೆಯಾದ ಸ್ವತಂತ್ರ ಸಾರ್ವಜನಿಕ ಪ್ರಾಧಿಕಾರ ಎಂದು ಅದೇ ತೀರ್ಪು ಹೇಳಿತ್ತು. ಸರಕಾರದ ಏಕಸ್ವಾಮ್ಯದಷ್ಟೇ ಖಾಸಗಿ ಏಕಸ್ವಾಮ್ಯವೂ ಕೆಟ್ಟದ್ದೆಂಬ ಎಚ್ಚರಿಕೆ ನ್ಯಾಯಮೂರ್ತಿ ಜೀವನ್ ರೆಡ್ಡಿ ಅವರ ಬರಹದಲ್ಲಿದೆ. 2022ರ ಮಾರ್ಗಸೂಚಿಯಲ್ಲಿ ಆ ಪ್ರಾಧಿಕಾರ ಇಲ್ಲ, ಸಚಿವಾಲಯವೇ ಇದೆ. ಮೇಲಾಗಿ, ರಾಷ್ಟ್ರಹಿತದ ವಿಷಯ ಪ್ರಸಾರ ಮಾಡುವಂತೆ ಕೇಂದ್ರ ಕಾಲಕಾಲಕ್ಕೆ ಸಲಹೆ ಕೊಡಬಹುದು, ವಾಹಿನಿ ಪಾಲಿಸಬೇಕು ಎಂಬ ಇನ್ನೊಂದು ಸಾಲೂ ಅಲ್ಲೇ ಸೇರಿದೆ. ಸಲಹೆ ಎಂದು ಕರೆದು ಪಾಲನೆ ಕಡ್ಡಾಯ ಮಾಡುವುದು ಸರಕಾರಿ ಭಾಷೆಗೆ ಮಾತ್ರ ಒಗ್ಗುವ ವಿದ್ಯೆ.

ಸ್ವಯಂ ಪ್ರಮಾಣೀಕರಣ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕ ಬಹಳ ಹಿಂದೆಯೇ ಸಾಕ್ಷಿ ಒದಗಿಸಿದೆ. ಅಲ್ಲಿ 1990ರಲ್ಲಿ ಮಕ್ಕಳ ಟೆಲಿವಿಷನ್ ಕಾಯ್ದೆ ಬಂತು. ಪರವಾನಗಿ ನವೀಕರಣಕ್ಕೆ ಬಂದ ಕೇಂದ್ರಗಳು ಮಕ್ಕಳಿಗೆ ಶೈಕ್ಷಣಿಕವಾಗಿ ಏನು ಮಾಡಿದ್ದೇವೆಂದು ತೋರಿಸಬೇಕಿತ್ತು, ಏನು ಶೈಕ್ಷಣಿಕ ಎಂದು ಹೇಳುವ ಅಧಿಕಾರ ಅವುಗಳಿಗೇ ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಕೆಲವು ಕೇಂದ್ರಗಳು ‘ದಿ ಜೆಟ್ಸನ್ಸ್’ ಎಂಬ ಕಾರ್ಟೂನನ್ನೂ ಆ ಪಟ್ಟಿಗೆ ಸೇರಿಸಿದ್ದವು. ಮುಂದಿನ ಶತಮಾನದ ಬದುಕು ಹೇಗಿರುತ್ತದೆಂದು ಅದು ಕಲಿಸುತ್ತದಂತೆ! ದೇಶವೆಲ್ಲ ನಕ್ಕಿತು. 1996ರಲ್ಲಿ ನಿಯಂತ್ರಕರು ವಾರಕ್ಕೆ ಮೂರು ಗಂಟೆ ಎಂಬ ಮಾನದಂಡ ತಂದು, ಶೈಕ್ಷಣಿಕ ಕಾರ್ಯಕ್ರಮ ಎಂದರೇನೆಂದು ವ್ಯಾಖ್ಯೆ ಕೊಟ್ಟು, ವರದಿಯನ್ನು ಯಾರು ಬೇಕಾದರೂ ನೋಡುವಂತೆ ಮಾಡಿದರು. ನಮ್ಮ ಎಂಟು ವಿಷಯಗಳು ಜೆಟ್ಸನ್ಸ್‌ಗಿಂತ ಹಿಗ್ಗಲಿಸಬಹುದಾದವು. ಆಸ್ಪತ್ರೆಯೊಂದು ಹಣ ಕೊಟ್ಟು ತನ್ನ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯನ್ನು ಹೊಗಳಿಸಿಕೊಳ್ಳುವ ಸಂದರ್ಶನ ಆರೋಗ್ಯವೋ ಜಾಹೀರಾತೋ? ಅತ್ತೆಯ ಕಾಟ ತಾಳಲಾರದೆ ಸೊಸೆ ತಿರುಗಿ ನಿಲ್ಲುವ ಧಾರಾವಾಹಿಯ ದೃಶ್ಯವನ್ನು ಮಹಿಳಾ ಕಲ್ಯಾಣಕ್ಕೆ ಬರೆದುಕೊಂಡರೆ ಬೇಡವೆನ್ನುವವರು ಯಾರು?

ಸಾರ್ವಜನಿಕ ಸೇವೆಯ ಟೀವಿ ನಿಜವಾಗಿ ಹೇಗಿರುತ್ತದೆಂದು ತಿಳಿಯಬೇಕಾದರೆ ಅಹಮದಾಬಾದಿಗಿಂತ ಒಳ್ಳೆಯ ಜಾಗ ಇಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದ ಮುಖ್ಯ ಭೂಕೇಂದ್ರ ಇದ್ದದ್ದು ಇಲ್ಲಿ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಕಳಿಸಿತು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಇಟ್ಟ ಒಂದು ಪೆಟ್ಟಿಗೆ, ಮೇಲೆ ತಂತಿಬಲೆಯ ದೊಡ್ಡ ಆಂಟೆನಾ. ಬೆಳಗ್ಗೆ ಮಕ್ಕಳಿಗೆ, ಸಂಜೆ ಊರಿನ ಎಲ್ಲರಿಗೆ. ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿ ಕಳಿಸುವ ಅನುಕೂಲ ಇದ್ದುದರಿಂದ ಅದೇ ಚಿತ್ರಕ್ಕೆ ಆಂಧ್ರದ ಹಳ್ಳಿಯಲ್ಲಿ ತೆಲುಗು, ರಾಯಚೂರಿನ ಹಳ್ಳಿಯಲ್ಲಿ ಕನ್ನಡ ಕೇಳಿಸುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ಆರು ವರ್ಷ ಮೊದಲೇ ಹೈದರಾಬಾದ್ ಕರ್ನಾಟಕದ ಹಳ್ಳಿಯವರು ಟೀವಿ ನೋಡಿಯಾಗಿತ್ತು, ಅದೂ ಅಹಮದಾಬಾದಿನ ದಯೆಯಿಂದ.

ಸೈಟ್‌ಗೆ ಸಿಕ್ಕಷ್ಟು ಹೆಸರು ಅದರ ಜೊತೆಗೇ ಶುರುವಾದ ಖೇಡಾ ಸಂಪರ್ಕ ಯೋಜನೆಗೆ ಸಿಗಲಿಲ್ಲ. ಪಾಠ ಕಲಿಯುವುದಾದರೆ ಅಲ್ಲಿಂದಲೇ. ಅಹಮದಾಬಾದಿನ ದಕ್ಷಿಣಕ್ಕೆ, ಖೇಡಾ ಜಿಲ್ಲೆಯ ನಡಿಯಾದ್ ಬಳಿಯ ಪಿಜ್ ಎಂಬ ಹಳ್ಳಿಯಲ್ಲಿ ಇಸ್ರೊ ಸಣ್ಣದೊಂದು ಟ್ರಾನ್ಸ್‌ಮಿಟರ್ ನೆಟ್ಟಿತು. ಸುತ್ತಲಿನ ಹಳ್ಳಿಗಳಲ್ಲಿ ಸಮುದಾಯದ ಟೀವಿಗಳನ್ನಿಟ್ಟಿತು. ಎಷ್ಟೋ ಕಡೆ ಅವು ಇದ್ದದ್ದು ಹಾಲಿನ ಸಹಕಾರ ಸಂಘದ ಕಟ್ಟಡದಲ್ಲಿ. ಅಮುಲ್‌ನ ಸೀಮೆ ಅದು, ಸಂಜೆ ಹಾಲು ಹಾಕಲು ಬಂದವರು ಟೀವಿಗೂ ಕೂರುತ್ತಿದ್ದರು. ಕಾರ್ಯಕ್ರಮ ಮಾಡುವವರು ಮೊದಲು ಹಳ್ಳಿಯಲ್ಲಿ ತಿರುಗಿ, ಮಾತಾಡಿ, ಬಳಿಕ ಕಥೆ ಹೆಣೆಯುತ್ತಿದ್ದರು. ಆಮೇಲೆ ಸಮಾಜವಿಜ್ಞಾನಿಗಳು ಅದೇ ಹಳ್ಳಿಗೆ ಹೋಗಿ ಜನ ಏನಂದರೆಂದು ಕೇಳಿಕೊಂಡು ಬರುತ್ತಿದ್ದರು. ಮುಂದೆ ‘ಭವನಿ ಭವಾಯಿ’ ಎಂಬ ಚಿತ್ರ ತೆಗೆದ ಕೇತನ್ ಮೆಹ್ತಾ ಕೆಲಸ ಕಲಿತದ್ದು ಇಂಥ ತಂಡದಲ್ಲೇ. ‘ದಾದ್ ಫರಿಯಾದ್’ ಎಂಬ ಸರಣಿಯಲ್ಲಿ ಹಳ್ಳಿಗರು ತಮ್ಮ ದೂರನ್ನು ಕ್ಯಾಮೆರಾದ ಮುಂದೆ ಹೇಳಿಕೊಂಡರೆ ಅಧಿಕಾರಿ ಉತ್ತರ ಕೊಡಬೇಕಾಗುತ್ತಿತ್ತು. ಕೂಲಿ, ಜಾತಿ, ಕುಡಿತ, ಸಾಲ ಎಲ್ಲವೂ ಮಾತಿಗೆ ಬಂದವು. ಊರಿನ ದೊಡ್ಡವರಿಗೆ ಇದು ಇಷ್ಟವಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. 1984ರಲ್ಲಿ ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿ ಈ ಯೋಜನೆಗೆ ಬಂತು. ಅದೇ ಹೊತ್ತಿಗೆ ದೇಶದ ತುಂಬ ದೊಡ್ಡ ಟ್ರಾನ್ಸ್‌ಮಿಟರ್‌ಗಳು ಏಳುತ್ತಿದ್ದವು, ದಿಲ್ಲಿಯ ಕಾರ್ಯಕ್ರಮ ಮನೆಮನೆಗೆ ಬರುತ್ತಿತ್ತು. ಪಿಜ್ ಕ್ರಮೇಣ ಸೊರಗಿ ನಿಂತುಹೋಯಿತು.

ಖೇಡಾದ ಕಾರ್ಯಕ್ರಮಕ್ಕೂ 2022ರ ಅರ್ಧ ಗಂಟೆಗೂ ಇರುವ ವ್ಯತ್ಯಾಸ ಹಣದ್ದಷ್ಟೇ ಅಲ್ಲ. ಅಲ್ಲಿ ಕಾರ್ಯಕ್ರಮ ಯಾರಿಗೆಂದು ಮೊದಲೇ ತಿಳಿದಿತ್ತು, ಅದು ತಲುಪಿತೇ ಎಂದು ಯಾರೋ ಹೋಗಿ ಕೇಳುತ್ತಿದ್ದರು. ಈಗಿನ ನಿಯಮ ಇವೆರಡನ್ನೂ ಕೇಳುವುದಿಲ್ಲ. ನಿಮಿಷವನ್ನು ಕೇಳುತ್ತದೆ, ನಿಮಿಷ ಸಿಗುತ್ತದೆ.

ಖಾಸಗಿ ವಾಹಿನಿಗಳಿಂದ ಒಳ್ಳೆಯದೇ ಬರಲಿಲ್ಲ ಎಂದು ಇದರರ್ಥವಲ್ಲ. ಈಟೀವಿ ತೆಲುಗಿನಲ್ಲಿ ಆರಂಭಿಸಿ ಕನ್ನಡಕ್ಕೂ ತಂದ ‘ಅನ್ನದಾತ’ ಯಾವ ಸರಕಾರಿ ಷರತ್ತೂ ಇಲ್ಲದೆ ಬೆಳಬೆಳಗ್ಗೆ ರೈತರನ್ನು ಟೀವಿ ಮುಂದೆ ಕೂರಿಸಿತು. ಈಟೀವಿ ನಡೆಸುತ್ತಿದ್ದ ಪತ್ರಿಕಾ ಗುಂಪಿಗೆ ರೈತರು ಓದುಗರೂ ಆಗಿದ್ದರು, ಅವರನ್ನು ಹಿಡಿದಿಡುವುದರಲ್ಲಿ ವ್ಯಾಪಾರದ ಲಾಭವೂ ಇತ್ತು. ಅದಕ್ಕೂ ಮೊದಲು, 1984ರಲ್ಲಿ ದೂರದರ್ಶನದ ‘ಹಮ್ ಲೋಗ್’ ಜಾಹೀರಾತುದಾರರ ಹಣದಲ್ಲೇ ಕುಟುಂಬ ಯೋಜನೆಯ ಮಾತನ್ನು ಧಾರಾವಾಹಿಯಲ್ಲಿ ಬೆರೆಸಿತ್ತು. ಕನ್ನಡದಲ್ಲಿ 2002ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ನಡೆದು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಡಾ. ನಾ. ಸೋಮೇಶ್ವರ ಗೆದ್ದವರಿಗೆ ಪುಸ್ತಕ ಕೊಡುತ್ತಾರೆ. ಕೋಟಿ ರೂಪಾಯಿಯ ಆಮಿಷ ಇಲ್ಲದೆಯೂ ರಸಪ್ರಶ್ನೆ ಇಷ್ಟು ಕಾಲ ಬಾಳುತ್ತದೆಂದು ಯಾವ ಖಾಸಗಿ ವಾಹಿನಿಯೂ ನಂಬುತ್ತಿರಲಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಕಹಿ ಪ್ರಸಂಗ ಇದೆ. 2012ರ ಮೇ 6ರಂದು ಸ್ಟಾರ್ ಪ್ಲಸ್ ಮತ್ತು ದೂರದರ್ಶನ ಒಟ್ಟಿಗೇ ಆಮಿರ್ ಖಾನರ ‘ಸತ್ಯಮೇವ ಜಯತೆ’ ಆರಂಭಿಸಿದವು. ಹೆಣ್ಣು ಭ್ರೂಣಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯ, ವರದಕ್ಷಿಣೆಯ ವಿಷಯಗಳು ಭಾನುವಾರದ ಬೆಳಗ್ಗೆ ನಡುಮನೆಗೆ ಬಂದವು. ತಮಿಳು, ತೆಲುಗು, ಮಲಯಾಳಂನವರು ಅದನ್ನು ತಮ್ಮ ನುಡಿಯಲ್ಲಿ ಟೀವಿಯಲ್ಲಿ ಕಂಡರು. ಕನ್ನಡದವರಿಗೆ ಆ ಭಾಗ್ಯ ಇರಲಿಲ್ಲ. ಡಬ್ಬಿಂಗ್ ಬೇಡವೆಂಬ ಚಿತ್ರೋದ್ಯಮದ ಪಟ್ಟು ಅದಕ್ಕೆ ಅಡ್ಡ ಬಂತು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯನ್ನು ಅಕ್ರಮವೆಂದು ಸಾರಿ ದಂಡ ಹಾಕಿತು. ಸಾರ್ವಜನಿಕ ಸೇವೆಯನ್ನು ವಾಹಿನಿಯೇ ಮುಂದೆ ಬಂದು ಮಾಡಿದಾಗ ತಡೆದದ್ದು ಸರಕಾರವೂ ಅಲ್ಲ, ಮಾರುಕಟ್ಟೆಯೂ ಅಲ್ಲ.

ಚಾಂದ್‌ಖೇಡಾದಂಥ ಊರಿನ ಕನ್ನಡ ಮನೆಗೆ ಭಾಷೆಯ ಪ್ರಶ್ನೆ ಇನ್ನೂ ಹತ್ತಿರದ್ದು. 1995ರ ಕೇಬಲ್ ಕಾಯ್ದೆಯ 8ನೇ ಕಲಮಿನಂತೆ ದೂರದರ್ಶನದ ಸುಮಾರು 25 ವಾಹಿನಿಗಳನ್ನು ಎಲ್ಲ ಕೇಬಲ್ಲಿನವರೂ ಕೊಡಲೇಬೇಕು. ಅವುಗಳಲ್ಲಿ ಚಂದನವೂ ಒಂದು, ಗುಜರಾತಿಯ ಗಿರ್ನಾರ್ ಕೂಡ. ಖಾಸಗಿ ಕನ್ನಡ ವಾಹಿನಿ ಬೇಕಾದರೆ ಬಹುಮಟ್ಟಿಗೆ ಬೇರೆಯಾಗಿ ತೆರಬೇಕು. ಹೊರನಾಡ ಕನ್ನಡಿಗನಿಗೆ ದುಡ್ಡಿಲ್ಲದೆ ಸಿಗುವ ಕನ್ನಡ ಟೀವಿ ಖಾತ್ರಿಯಾಗುವುದು ಕಡ್ಡಾಯದ ಕಾನೂನಿನಿಂದ. ಕೋವಿಡ್ ಕಾಲದಲ್ಲಿ ಈ ಜಾಲದ ಬೆಲೆ ಗೊತ್ತಾಯಿತು. 2020ರ ಜೂನ್‌ನಿಂದ ಗುಜರಾತಿನ ಪಾಠಗಳು ಗಿರ್ನಾರ್‌ನಲ್ಲಿ, ಜುಲೈನಿಂದ ಕರ್ನಾಟಕದ ‘ಸಂವೇದ’ ಪಾಠಗಳು ಚಂದನದಲ್ಲಿ ಬಂದವು. ಗಾಂಧಿನಗರದ ಭಾಸ್ಕರಾಚಾರ್ಯ ಸಂಸ್ಥೆಯಿಂದ ‘ಸ್ವಯಂಪ್ರಭಾ’ದ ಶೈಕ್ಷಣಿಕ ವಾಹಿನಿಗಳು ಆಗಲೇ ಉಪಗ್ರಹಕ್ಕೆ ಏರುತ್ತಿದ್ದವು. ಶಾಲೆಗಳು ಮುಚ್ಚಿದ್ದ ಆ ತಿಂಗಳುಗಳಲ್ಲಿ ಈ ಹೊರೆ ಬಹುಪಾಲು ಬಿದ್ದದ್ದು ಸಾರ್ವಜನಿಕ ಜಾಲದ ಮೇಲೆ.

ಹೊರದೇಶದ ಅನುಭವ ಎರಡು ಬಗೆಯದು. ಬ್ರಿಟನ್ನಿನಲ್ಲಿ ಐಟಿವಿ, ಚಾನೆಲ್ 5ರಂಥ ವ್ಯಾಪಾರಿ ವಾಹಿನಿಗಳೂ ಸಾರ್ವಜನಿಕ ಸೇವೆಯ ಪರವಾನಗಿಯಲ್ಲಿವೆ. ಸುದ್ದಿ, ಪ್ರಾದೇಶಿಕ ಸುದ್ದಿ, ಸ್ವಂತ ತಯಾರಿಯ ಕಾರ್ಯಕ್ರಮ ಎಂದು ಅವುಗಳ ಹೊಣೆಯನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ. ಬದಲಿಗೆ ಅವುಗಳಿಗೆ ಒಳ್ಳೆಯ ತರಂಗ, ರಿಮೋಟಿನ ಪಟ್ಟಿಯಲ್ಲಿ ಮೇಲಿನ ಜಾಗ. 2025ರಿಂದ ಇನ್ನೂ ಹತ್ತು ವರ್ಷಕ್ಕೆ ಪರವಾನಗಿ ನವೀಕರಣವಾಗಿದೆ. 2024ರ ಮಾಧ್ಯಮ ಕಾಯ್ದೆ ಆ ಮೇಲಿನ ಜಾಗವನ್ನು ಸ್ಮಾರ್ಟ್ ಟೀವಿಯ ಮುಖಪುಟಕ್ಕೂ ವಿಸ್ತರಿಸಿತು. ಆದರೆ ಅಲ್ಲೂ ಪಟ್ಟು ಸಡಿಲಿಸಿದ ಕಡೆ ನೀರು ಸೋರಿತು. 2003ರ ಕಾಯ್ದೆ ಮಕ್ಕಳ ಕಾರ್ಯಕ್ರಮದ ಕೋಟಾವನ್ನು ವಾಹಿನಿಗಳ ವಿವೇಚನೆಗೆ ಬಿಟ್ಟಿತು, ಅದರ ಮೇಲೆ ಮಕ್ಕಳಿಗೆ ಜಂಕ್ ತಿನಿಸಿನ ಜಾಹೀರಾತು ತೋರಿಸುವುದಕ್ಕೂ ನಿರ್ಬಂಧ ಬಂತು, ಐಟಿವಿ ಆ ಕೆಲಸದಿಂದ ಬಹುಮಟ್ಟಿಗೆ ಹಿಂದೆ ಸರಿಯಿತು. ಆಸ್ಟ್ರೇಲಿಯ 2021ರಿಂದ ವ್ಯಾಪಾರಿ ವಾಹಿನಿಗಳ ಮಕ್ಕಳ ಕೋಟಾವನ್ನೇ ತೆಗೆದುಹಾಕಿತು, ಅಲ್ಲೂ ಅಂಥ ಪ್ರಸಾರ ತೀವ್ರವಾಗಿ ಕುಸಿಯಿತು. ಕೋಟಾ ಇಲ್ಲದಿದ್ದರೂ ಮಾರುಕಟ್ಟೆ ಮಕ್ಕಳನ್ನು ನೋಡಿಕೊಳ್ಳುತ್ತದೆ ಎಂಬ ವಾದಕ್ಕೆ ಈ ಎರಡು ದೇಶಗಳು ಒಳ್ಳೆಯ ಉತ್ತರ.

ಭಾರತದ ವಾಹಿನಿಗಳ ದೂರಿನಲ್ಲಿ ಮಾತ್ರ ಒಂದು ನ್ಯಾಯವಾದ ಅಂಶ ಇದೆ. ಬ್ರಿಟನ್ನಿನಂತೆ ಇಲ್ಲಿ ಹೊಣೆಗೆ ಪ್ರತಿಯಾಗಿ ಏನೂ ಸಿಗುವುದಿಲ್ಲ. ಫ್ರೀ ಡಿಶ್‌ನಲ್ಲಿ ಜಾಗ ಬೇಕಾದರೆ ಹರಾಜಿನಲ್ಲಿ ಕೋಟಿಗಟ್ಟಲೆ ಕೂಗಬೇಕು. ಅದೇ ಕಾರ್ಯಕ್ರಮವನ್ನು ಆ್ಯಪಿನ ಮೂಲಕ ಕೊಡುವವರಿಗೆ ಅರ್ಧ ಗಂಟೆಯ ಷರತ್ತು ಇಲ್ಲವೇ ಇಲ್ಲ. ಮೊಟೇರಾದ ಆ ಫೈನಲ್ಲನ್ನು ಫೋನಿನಲ್ಲಿ ಡಿಸ್ನಿ ಹಾಟ್‌ಸ್ಟಾರ್ ಪುಕ್ಕಟೆ ತೋರಿಸಿದಾಗ ಒಂದು ಹೊತ್ತಿನಲ್ಲಿ 5.9 ಕೋಟಿ ಜನ ನೋಡುತ್ತಿದ್ದರು. ಅದನ್ನು ಪುಕ್ಕಟೆ ಕೊಟ್ಟದ್ದು ವ್ಯಾಪಾರದ ತಂತ್ರ. 2007ರ ಕಾಯ್ದೆಗೆ ಆ ಫೋನು ಕಾಣುವುದೇ ಇಲ್ಲ. ಆಟ ಅಲ್ಲಿಗೆ ಪೂರ್ತಿ ಹೊರಟುಹೋದ ದಿನ ಫ್ರೀ ಡಿಶ್‌ನ ಕೋಟ್ಯಂತರ ಮನೆಗಳಿಗೆ ಕಾಯ್ದೆಯಿಂದ ಸಿಗುವುದು ಅಷ್ಟಕ್ಕಷ್ಟೇ.

ತರಂಗ ವಿರಳವಾದ್ದರಿಂದ ಹೊಣೆ ಎಂಬ 1995ರ ತರ್ಕ ಅಂತರ್ಜಾಲದ ಮೂಲಕ ಬರುವ ವಿಡಿಯೊಗೆ ಅನ್ವಯಿಸುವುದು ಕಷ್ಟ. ಹಾಗಾಗಿ ಬೇರೆ ದೇಶಗಳು ಹೊಣೆಯ ಬೇರನ್ನು ತರಂಗದಿಂದ ಕಿತ್ತು ಆದಾಯಕ್ಕೆ ನೆಡುತ್ತಿವೆ. ಕೆನಡಾ 2023ರಲ್ಲಿ ಕಾಯ್ದೆ ಮಾಡಿ, ಮರುವರ್ಷ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳು ಅಲ್ಲಿನ ಆದಾಯದ ಶೇ. 5ರಷ್ಟನ್ನು ಸ್ಥಳೀಯ ಪ್ರಸಾರಕ್ಕೆ ಕೊಡಬೇಕೆಂದು ಆದೇಶಿಸಿತು. ಕಂಪನಿಗಳು ಕೋರ್ಟಿಗೆ ಹೋದವು, ಅದು ನಿರೀಕ್ಷಿತವೇ. ಯುರೋಪಿನ ಒಕ್ಕೂಟ ಆ್ಯಪುಗಳ ಪಟ್ಟಿಯಲ್ಲಿ ಶೇ. 30 ಯುರೋಪಿನ ಕೃತಿಗಳೇ ಇರಬೇಕೆಂದು 2018ರಲ್ಲೇ ಹೇಳಿದೆ. ಭಾರತಕ್ಕೂ ಇದೇ ದಾರಿ ಮೇಲು. ಇಷ್ಟವಿಲ್ಲದ ವಾಹಿನಿಯಿಂದ ಅರ್ಧ ಗಂಟೆ ಕಸಿಯುವ ಬದಲು ವಾಹಿನಿಗಳಿಂದಲೂ ಆ್ಯಪುಗಳಿಂದಲೂ ಆದಾಯದ ಸಣ್ಣ ಪಾಲನ್ನು ಒಂದು ನಿಧಿಗೆ ಪಡೆಯಬಹುದು. ಮಕ್ಕಳಿಗೆ, ರೈತರಿಗೆ, ಕಿವಿ ಕೇಳಿಸದವರಿಗೆ, ತುಳು ಕೊಡವದಂಥ ಭಾಷೆಗಳಿಗೆ ಕಾರ್ಯಕ್ರಮ ಮಾಡಬಲ್ಲವರಿಗೆ ಆ ಹಣ ಕೊಡಬಹುದು. ತಾನೇ ಮಾಡುತ್ತೇನೆ ಎನ್ನುವ ವಾಹಿನಿ ಮಾಡಲಿ, ಆದರೆ ಏನು ಮಾಡಿತೆಂಬ ಪಟ್ಟಿಯನ್ನು ನೋಡುಗನ ಕಣ್ಣಿಗೆ ಬೀಳುವ ಕಡೆ ಹಾಕಲಿ. ಸಣ್ಣದಾಗಿಯೂ ನಿಖರವಾಗಿಯೂ ಕೇಳಿದ ಹೊಣೆಗೆ 2019ರ ಸೆಪ್ಟೆಂಬರಿನ ಮಾನದಂಡ ಮಾದರಿಯಾಗಬಹುದು: ಸುದ್ದಿ ವಾಹಿನಿಗಳು ದಿನಕ್ಕೊಂದು ಬುಲೆಟಿನ್ನಾದರೂ ಸಂಜ್ಞಾಭಾಷೆಯಲ್ಲಿ ಕೊಡಬೇಕು. ಕೊಟ್ಟರೋ ಇಲ್ಲವೋ ಎಂದು ತಿಳಿಯಲು ಪೋರ್ಟಲ್ಲು ಬೇಕಿಲ್ಲ, ಟೀವಿ ಹಾಕಿದರೆ ಸಾಕು.

ತೊಡಕಿರುವುದು ಆ ನಿಧಿಯನ್ನು ಯಾರ ಕೈಗೆ ಕೊಡಬೇಕು ಎಂಬಲ್ಲಿ. ಸಚಿವಾಲಯದ ಕೈಗೆ ಹೋದರೆ ಅದು ಸರಕಾರಿ ಸಾಧನೆಯ ಪ್ರಚಾರಕ್ಕೆ ತಿರುಗಲು ಹೆಚ್ಚು ದಿನ ಬೇಡ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನೋಡಿಕೊಳ್ಳುವುದು ದರ ಮತ್ತು ಜಾಲವನ್ನು, ಕಾರ್ಯಕ್ರಮವನ್ನಲ್ಲ. ಸ್ವತಂತ್ರ ಪ್ರಾಧಿಕಾರದ ಪ್ರಸ್ತಾಪವಿದ್ದ ಪ್ರಸಾರ ಮಸೂದೆ 1997ರಲ್ಲಿ ಸಂಸತ್ತಿಗೆ ಬಂದಿತ್ತು. ಲೋಕಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು. 2001ರ ಸಂಪರ್ಕ ಸಂಗಮ ಮಸೂದೆಗೂ ಅದೇ ಗತಿಯಾಯಿತು. 2023ರ ನವೆಂಬರ್‌ನಲ್ಲಿ ಪ್ರಕಟವಾದ ಪ್ರಸಾರ ಸೇವೆಗಳ ಕರಡು ಮಸೂದೆ ಆ್ಯಪುಗಳನ್ನೂ ಒಳಗೆ ತರಲು ಹೊರಟಿತ್ತು. ಯೂಟ್ಯೂಬಿನಲ್ಲಿ ಸುದ್ದಿ ಹೇಳುವ ಒಬ್ಬೊಬ್ಬರನ್ನೂ ಸರಕಾರದ ಹತೋಟಿಗೆ ತರುವ ಹುನ್ನಾರ ಎಂಬ ಟೀಕೆ ಎದ್ದ ಮೇಲೆ, 2024ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪವನ್ನು ಹಿಂದಕ್ಕೆ ಪಡೆದರು. ಆ ಕರಡಿನಲ್ಲೂ ಪ್ರಸಾರ ಸಲಹಾ ಮಂಡಳಿಯ ಸದಸ್ಯರನ್ನು ನೇಮಿಸುವ ಅಧಿಕಾರ ಕೇಂದ್ರದ್ದೇ ಆಗಿತ್ತು.